ಪೈಪಿನ ಹೋಲ್‌ಸ್ಟರೂ ಅರಿಶಿನದ ಕೊಂಬೂ

ಗುಂಡು ಹಾರಿದ ಸದ್ದಿಗೆ ಸದಾಶಿವಪ್ಪನವರ ಮೆಕ್ಕೆಜೋಳದ ಗೋಡೌನಿನಲ್ಲಿದ್ದವರೆಲ್ಲ ಮಂಡಕ್ಕಿ ಪೊಟ್ಟಣ ಬಿಸಾಕಿ ಲಾರಿಯ ಕೆಳಗೆ ನುಗ್ಗಿದರೆ, ಚೌಡೇಶ್ ಒಬ್ಬ ಮಾತ್ರ ಸದ್ದು ಬಂದ ಕಡೆಗೇ ಓಡಿದ. ಇದನ್ನು ಆಮೇಲೆ ಕೆಲವರು ಧೈರ್ಯ ಅಂತ ಹೊಗಳಿದರು. ಧೈರ್ಯವೂ ಅಲ್ಲ, ಸದಾಶಿವಪ್ಪನವರ ಮೇಲಿನ ಪ್ರೀತಿಯೂ ಅಲ್ಲ. ಅವರು ಸೊಂಟದ ಹಿಂದೆ ರಿವಾಲ್ವರ್ ಸಿಕ್ಕಿಸಿಕೊಳ್ಳುತ್ತಿದ್ದ ಹೋಲ್‌ಸ್ಟರ್ ಅವನು ಕೈಯಾರೆ ಮಾಡಿದ್ದು. ಅದಕ್ಕೆ ಏನಾಯಿತೋ ಅಂತ ಓಡಿದ.

ಅದಕ್ಕೆ ಅಂಥದ್ದೇನೂ ಆಗಿರಲಿಲ್ಲ. ತಳಕ್ಕೆ ಒಂದು ತೂತು ಬಿದ್ದಿತ್ತು, ಅಷ್ಟೆ. ಗುಂಡು ಸದಾಶಿವಪ್ಪನವರ ಬಲಗಡೆಯ ಕುಂಡಿಯನ್ನು ಸವರಿಕೊಂಡು ಹೋಗಿ, ಟ್ರ್ಯಾಕ್ಟರಿನ ಮುಂದೆ ಒಡೆಯಲು ಇಟ್ಟಿದ್ದ ಬೂದುಗುಂಬಳವನ್ನು ತಾನೇ ಒಡೆದುಹಾಕಿತ್ತು. ಕಾಯಿಯ ಒಳಗಿನ ಕುಂಕುಮ ಯಾವುದು, ಯಜಮಾನರ ರಕ್ತ ಯಾವುದು ಅಂತ ತಿಳಿಯದೆ ಎಲ್ಲರೂ ಗಾಬರಿಯಾದರು. ಸದಾಶಿವಪ್ಪನವರು ಹೊಸ ಬಿಳಿ ಪಂಚೆಯ ಹಿಂಭಾಗವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಚೌಡೇಶನನ್ನು ನೋಡಿದರು.

"ಚೌಡ್ಯಾ," ಅಂದರು. "ನಿನ್ನ ಚೀಲ ನನ್ನ ಕುಂಡಿ ಹರೀತಲ್ಲೋ."

ಆ ಸ್ಥಿತಿಯಲ್ಲೂ ಚೌಡೇಶನಿಗೆ, ಅದು ಚೀಲ ಅಲ್ಲ ಯಜಮಾನ್ರೆ, ಹೋಲ್‌ಸ್ಟರು ಅಂತ ತಿದ್ದುವ ಆಸೆಯಾಯಿತು. ತಡೆದುಕೊಂಡ.

ಚೌಡೇಶನದು ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ. ಹೊಲಿಗೆ ಅವನ ಹೊಟ್ಟೆಪಾಡು; ಹುಚ್ಚು ಬೇರೆಯದೇ ಇತ್ತು. ಅಮೆರಿಕದ ಗಡ್ಡದ ಗಂಡಸರು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಪಿಸ್ತೂಲಿನ ಮೇಲೆ ಒತ್ತಿ, ಅದೇ ಆಕಾರದ ಹೋಲ್‌ಸ್ಟರ್ ತೆಗೆಯುವ ವಿಡಿಯೋಗಳನ್ನು ನೋಡಿ ನೋಡಿ, ಅವನಿಗೆ ಕನಸಿನಲ್ಲೂ ಅದೇ ಬೀಳುತ್ತಿತ್ತು. ಆ ಹಾಳೆ ಶಿಕಾರಿಪುರದಲ್ಲಿ ಸಿಗುವುದಿಲ್ಲ. ಬೋರ್‌ವೆಲ್ಲಿನ ಪಿವಿಸಿ ಪೈಪು ಎಲ್ಲ ಬೇಲಿಯಲ್ಲೂ ಬಿದ್ದಿರುತ್ತದೆ. ಪೈಪನ್ನು ಸೀಳಿ, ಗ್ಯಾಸ್ ಒಲೆಯ ಮೇಲೆ ಬಾಡಿಸಿ, ಚಪಾತಿ ಮಣೆಯ ಮೇಲೆ ಚಪ್ಪಟೆ ಮಾಡಿದರೆ ಹಾಳೆ ತಯಾರು. ಮೇಲೆ ಕಪ್ಪು ರೆಕ್ಸಿನ್ ಎಳೆದು ಹೊಲಿದರೆ ಯಾವ ಅಮೆರಿಕದವನೂ ಗುರುತು ಹಿಡಿಯಲಾರ. ಅವನ ಅಮ್ಮನ ಚಪಾತಿಗೆ ಮಾತ್ರ ಅಂದಿನಿಂದ ಸುಟ್ಟ ಬಕೆಟ್ಟಿನ ವಾಸನೆ ಬರತೊಡಗಿತು.

ಸದಾಶಿವಪ್ಪನವರು ಅವನ ಮೊದಲ ಗಿರಾಕಿ. ಜೋಳದ ವ್ಯಾಪಾರದ ದುಡ್ಡು ತಗೊಂಡು ಓಡಾಡುತ್ತೇನೆ, ಜೀವಕ್ಕೆ ಅಪಾಯ ಇದೆ ಅಂತ ಹೇಳಿ ಲೈಸೆನ್ಸ್ ಮಾಡಿಸಿದ್ದರು. ಈಗಂತೂ ದುಡ್ಡೆಲ್ಲ ಫೋನಿನಲ್ಲೇ ಓಡಾಡುತ್ತದೆ. ರಿವಾಲ್ವರ್ ಮಾತ್ರ ಸೊಂಟದಲ್ಲೇ ಉಳಿದಿತ್ತು. ಊರಲ್ಲಿ ಅವರನ್ನು ಪಿಸ್ತೂಲ್ ಸದಾಶಿವಪ್ಪ ಅಂತಿದ್ದರು. ಅದು ಪಿಸ್ತೂಲಲ್ಲ, ರಿವಾಲ್ವರ್ ಅಂತ ಚೌಡೇಶ್ ಒಬ್ಬನೇ ಎಲ್ಲರಿಗೂ ತಿದ್ದುತ್ತಿದ್ದ.

ವಿಡಿಯೋದ ಗಡ್ಡದವರೆಲ್ಲ ಮೊದಲು ಹೇಳುವ ಮಾತು ಒಂದೇ: ಏನೇ ಆಗಲಿ, ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಿರಬೇಕು. ಚೌಡೇಶ್ ಹಾಗೇ ಮಾಡಿಕೊಟ್ಟಿದ್ದ. ಸದಾಶಿವಪ್ಪನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹಿಂಗ ಮುಚ್ಚಿಟ್ರ ಯಾರಿಗೆ ಕಾಣಸ್ತೈತಿ, ನೋಡಿದವ್ರು ಮೊಬೈಲ್ ಇಟ್ಕಂಡಾನ ಅಂತಾರ, ಸ್ವಲ್ಪ ಕತ್ತರಿಸು ಅಂದರು. ಚೌಡೇಶ್ ಬಾಯಿಯ ಹತ್ತಿರ ಕತ್ತರಿಸಿ, ಟ್ರಿಗರಿನ ಸುತ್ತಲಿನ ಬಳೆ ಹೊಳೆಯುತ್ತ ಹೊರಗೆ ಕಾಣುವ ಹಾಗೆ ಮಾಡಿದ. ಮನಸ್ಸು ಒಂದು ಗಳಿಗೆ ಚುರುಕ್ ಅಂದಿತು. ಆಮೇಲೆ ಕಾದ ಕಬ್ಬಿಣದಿಂದ ರೆಕ್ಸಿನ್ನಿನ ಮೇಲೆ 'ಚೌಡೇಶ್ ಹೋಲ್‌ಸ್ಟರ್ಸ್, ಶಿಕಾರಿಪುರ' ಅಂತ ಒತ್ತುವ ಸಡಗರದಲ್ಲಿ ಮರೆತುಹೋಯಿತು. ಕೆಳಗೆ ಚಿಕ್ಕದಾಗಿ 'ಲೈಫ್ ಟೈಮ್ ಗ್ಯಾರಂಟಿ' ಅಂತಲೂ ಒತ್ತಿದ್ದ. ಯಾರ ಲೈಫು ಅಂತ ಬರೆದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ, ಗುಂಡಿನ ಗಾಯ ಅಂದಮೇಲೆ ಸ್ಟೇಷನ್ನಿಗೆ ತಿಳಿಸಲೇಬೇಕು ಅಂದರು. ಬಾಗಿಲು ತೆರೆಯುವಾಗ ತಗುಲಿದ್ದು ಅಂತ ಬರೆಯಲು ಸದಾಶಿವಪ್ಪನವರು ಬಹಳ ಕೇಳಿಕೊಂಡರು. ಯಾವ ಬಾಗಿಲೂ ಆ ಜಾಗಕ್ಕೆ ಆ ಥರ ತಗುಲುವುದಿಲ್ಲ ಅಂತ ಡಾಕ್ಟರು ಡ್ರೆಸ್ಸಿಂಗ್ ಮುಂದುವರಿಸಿದರು. ಪಿಎಸ್ಐ ಬಂದಾಗ ಸದಾಶಿವಪ್ಪನವರು ಮಂಚದ ಮೇಲೆ ಬೋರಲು ಮಲಗಿದ್ದರು. ತಪ್ಪು ತನ್ನದು ಅಂದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ತಾನು ಬರೀ ಜೋಳದ ಸದಾಶಿವಪ್ಪ. ಇದನ್ನೆಲ್ಲ ಅವರು ದಿಂಬಿಗೆ ಮೂತಿ ಒತ್ತಿಕೊಂಡೇ ಲೆಕ್ಕ ಹಾಕಿದ್ದರು. ಹೋಲ್‌ಸ್ಟರಿಗೆ ಇಟ್ಟೆ, ಅದರೊಳಗೆ ತಾನೇ ಹಾರಿತು, ಮಾಲು ಸರಿ ಇಲ್ಲ, ಮಾಡಿದವನನ್ನು ಹಿಡಿಯಿರಿ ಅಂತ ಹೇಳಿಕೆ ಕೊಟ್ಟರು. ಮಾಡಿದವನನ್ನು ಹುಡುಕುವ ಕಷ್ಟವೂ ಇರಲಿಲ್ಲ. ಹೆಸರು, ಊರು ಎರಡನ್ನೂ ಅವನೇ ಮಾಲಿನ ಮೇಲೆ ಒತ್ತಿಟ್ಟಿದ್ದ.

ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಬಾ, ಕೇಸಿನಲ್ಲಿ ನಿನ್ನನ್ನೂ ಸೇರಿಸಬೇಕೋ ಬೇಡವೋ ನೋಡುತ್ತೇನೆ ಅಂತ ಪಿಎಸ್ಐ ಹೇಳಿ, ರಿವಾಲ್ವರನ್ನೂ ಹೋಲ್‌ಸ್ಟರನ್ನೂ ತೆಗೆದುಕೊಂಡು ಹೋದರು.

ಚೌಡೇಶ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶ್ರೀಲತಾಗೆ ಫೋನು ಹಚ್ಚಿದ. ಶ್ರೀಲತಾ ಅವನ ಸೋದರತ್ತೆಯ ಮಗಳು. ಸೊರಬದ ಕೋರ್ಟಿನಲ್ಲಿ ವಕೀಲಿಕೆ. ಅವಳು ಮೊದಲು ಪೂರ್ತಿ ಕಥೆ ಕೇಳಿದಳು. ಆಮೇಲೆ ಬಹಳ ಹೊತ್ತು ನಕ್ಕಳು. ಎಡವೋ ಬಲವೋ ಅಂತ ಕೇಳಿ, ಬಲ ಅಂದಿದ್ದಕ್ಕೆ ಮತ್ತೆ ನಕ್ಕಳು.

"ನೋಡು ಭಾವ, ನೀನು ಹೋಲ್‌ಸ್ಟರ್ ಮಾಡೇ ಇಲ್ಲ ಅನ್ನು," ಅಂದಳು ಕೊನೆಗೆ. "ಪೈಪಿಗೆ ರೆಕ್ಸಿನ್ ಹೊಲಿದು ಕೊಟ್ಟೆ. ಅವ್ರು ಅದ್ರಲ್ಲಿ ಎಂತ ಇಟ್ಕೊಂಡ್ರೂ ನಿಂಗೆಂತ?"

"ಹೋಲ್‌ಸ್ಟರ್ ಅಂತ ಅದ್ರ ಮ್ಯಾಲೇ ಒತ್ತೀನಲ್ಲೇ."

"ಯಾಕೆ ಒತ್ತಿದೆ ಮಾರಾಯ?"

"ಹೋಲ್‌ಸ್ಟರ್ ಅಲ್ವಾ ಅದು."

ಅತ್ತ ಕಡೆಯಿಂದ ನಿಟ್ಟುಸಿರು ಬಂತು. ಇಂಥವು ಎಷ್ಟು ಮಾಡಿದ್ದೀಯ ಅಂತ ಕೇಳಿದಳು. ಇನ್ನೊಂದೇ ಒಂದು, ಚಂದ್ರಗುತ್ತಿಯ ಶೇಷಪ್ಪನವರಿಗೆ, ಅದೇ ರಟ್ಟಿನ ಅಳತೆ ಇಟ್ಟು ಕತ್ತರಿಸಿದ್ದು ಅಂದ. ಹಾಗಾದರೆ ಅದರ ವಿಷಯ ಬಾಯಿ ಬಿಡಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಪಾಠ ಮಾಡೋಕೆ ಹೋಗಬೇಡ ಅಂತ ಅವಳು ಮೂರು ಥರದಲ್ಲಿ ಹೇಳಿದಳು. ಕೊನೆಯದು ಅವನಿಗೆ ಕಷ್ಟ ಅಂತ ಇಬ್ಬರಿಗೂ ಗೊತ್ತಿತ್ತು.

ಮರುದಿನ ವಿಜಯದಶಮಿ. ಸ್ಟೇಷನ್ನಿನ ಜೀಪಿಗೆ ಹಾಕಿದ್ದ ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಪಿಎಸ್ಐ ಮೇಜಿನ ಎದುರು ಕುರ್ಚಿ ಖಾಲಿ ಇತ್ತು. ಸದಾಶಿವಪ್ಪನವರು ಅದರ ಪಕ್ಕದಲ್ಲಿ, ಗೋಡೆಗೂ ಒರಗದೆ, ಮೇಷ್ಟರ ಮುಂದೆ ನಿಂತವರ ಹಾಗೆ ನಿಂತಿದ್ದರು. ಅವರ ಹೆಂಡತಿ ವೀರಮ್ಮನವರು ಮಾತ್ರೆಯ ಕವರು ಹಿಡಿದುಕೊಂಡು ಬಂದಿದ್ದರು.

ಪಿಎಸ್ಐ ಹೋಲ್‌ಸ್ಟರನ್ನು ಎತ್ತಿ, ಮೇಲೆ ಒತ್ತಿದ್ದನ್ನು ಗಟ್ಟಿಯಾಗಿ ಓದಿದರು. ಲೈಫ್ ಟೈಮ್ ಅನ್ನುವಲ್ಲಿ ಸ್ವಲ್ಪ ನಿಂತು ಚೌಡೇಶನ ಮುಖ ನೋಡಿದರು. ಆಮೇಲೆ ಅದನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಕುಟ್ಟಿದರು. ಒಳಗಿಂದ ಹಳದಿ ದಾರದ ಗಂಟು ಬಿತ್ತು. ಗಂಟಿನಲ್ಲಿ ಜಜ್ಜಿಹೋದ ಅರಿಶಿನದ ಕೊಂಬು.

ಅದು ತಾನು ಕಟ್ಟಿದ ಕಂಕಣ ಅಂತ ವೀರಮ್ಮನವರೇ ಹೇಳಿದರು. ಆಯುಧಪೂಜೆಗೆ ಮನೆಯ ಕುಡುಗೋಲಿಗೆ, ತಕ್ಕಡಿಗೆ, ಲಾರಿಯ ಸ್ಟಿಯರಿಂಗಿಗೆ ಕಟ್ಟಿದ ಹಾಗೆ ಇದಕ್ಕೂ ಕಟ್ಟಿದ್ದು. ಎಲ್ಲಿಗೆ ಕಟ್ಟಿದಿರಿ ಅಂತ ಪಿಎಸ್ಐ ಕೇಳಿದರು. ವೀರಮ್ಮನವರು ರಿವಾಲ್ವರಿನ ಟ್ರಿಗರಿನ ಬಳೆಯನ್ನು ತೋರಿಸಿದರು.

"ಅಲ್ಲಮ್ಮಾ, ಅಲ್ಲಿಗ್ಯಾಕೆ ಕಟ್ಟಿದ್ರಿ?"

"ಮತ್ತೆಲ್ಲಿ ಕಟ್ಲಿ ಸಾಹೇಬ್ರ? ದಾರ ಹೋಗಾಕ ಇದ್ದಿದ್ದು ಅದೊಂದೇ ತೂತು."

ಪೂಜೆ ಮುಗಿದ ಮೇಲೆ ಯಾಕೆ ಬಿಚ್ಚಲಿಲ್ಲ ಅಂತ ಪಿಎಸ್ಐ ಸದಾಶಿವಪ್ಪನವರ ಕಡೆ ತಿರುಗಿದರು. ಬನ್ನಿ ಕೊಡುವ ತನಕ ಕಂಕಣ ಬಿಚ್ಚುವ ಪದ್ಧತಿ ಇಲ್ಲ ಅಂದರು ಅವರು. ಪೂಜೆಗೆ ಇಡುವಾಗ ಗುಂಡನ್ನಾದರೂ ತೆಗೆಯಬಾರದಿತ್ತೇ ಅಂದರೆ, ಖಾಲಿ ಆಯುಧಕ್ಕೆ ಪೂಜೆ ಮಾಡಿದರೆ ವರ್ಷವೆಲ್ಲ ಗೋಡೌನು ಖಾಲಿ ಅಂತ ಅಪ್ಪನ ಕಾಲದಿಂದ ನಂಬಿಕೆ ಅಂದರು. ಅಪ್ಪನ ಕಾಲದಲ್ಲಿ ರಿವಾಲ್ವರ್ ಇತ್ತೇ ಅಂತ ಕೇಳಿದಾಗ, ಇಲ್ಲ, ಕೊಳಗ ಇತ್ತು, ಅದರ ತುಂಬ ಜೋಳ ತುಂಬಿಡುತ್ತಿದ್ದರು ಅಂದರು. ಅಷ್ಟಕ್ಕೂ ನಿಲ್ಲಲಿಲ್ಲ. ಸ್ಟೇಟಸ್ಸಿಗೆ ಫೋಟೋ ತೆಗೆಸಿಕೊಳ್ಳುವಾಗ ಚೆನ್ನಾಗಿ ಕಾಣಲಿ ಅಂತ ಹಿಂಬದಿಯ ಕುದುರೆಯನ್ನು, ಅಂದರೆ ಗುಂಡಿಗೆ ಬಡಿಯುವ ಆ ಪುಟ್ಟ ಸುತ್ತಿಗೆಯನ್ನು, ಹೆಬ್ಬೆರಳಲ್ಲಿ ಎತ್ತಿ ನಿಲ್ಲಿಸಿದ್ದರು. ಎತ್ತಿದ್ದನ್ನು ಇಳಿಸದೆ, ಕೊಂಬಿನ ಸಮೇತ, ಹಿಂದಕ್ಕೆ ಕೈ ತಿರುಗಿಸಿ ಹೋಲ್‌ಸ್ಟರಿಗೆ ತುರುಕಿದ್ದರು.

ಪಿಎಸ್ಐ ಪೆನ್ನು ಕೆಳಗಿಟ್ಟರು. ಈ ಊರಿನವರು ಇಷ್ಟು ಜನ ಇನ್ನೂ ಬದುಕಿರುವುದೇ ದೊಡ್ಡದು ಅನ್ನುವ ಹಾಗಿತ್ತು ಅವರ ಮುಖ.

"ಅಂದ್ರ ತಪ್ಪು ನಂದಾ?" ಅಂದರು ವೀರಮ್ಮನವರು ಗಂಡನ ಕಡೆ ತಿರುಗಿ. "ನಾ ಕಟ್ಟಿದ್ದು ದೇವ್ರಿಗೆ. ನೀವು ತುರುಕಿದ್ದು ಯಾರಿಗೆ?"

ಸದಾಶಿವಪ್ಪನವರಿಗೆ ಹೆಂಡತಿಯ ಮೇಲೂ ಹೇಳುವಂತಿಲ್ಲ, ದೇವರ ಮೇಲೂ ಹೇಳುವಂತಿಲ್ಲ. ಅರಿಶಿನದ ಕೊಂಬು ಟ್ರಿಗರ್ ಒತ್ತಿತು, ಆಕಸ್ಮಿಕ ಅಂತ ಒಪ್ಪಿಕೊಂಡರು. ರಿವಾಲ್ವರ್ ಸ್ಟೇಷನ್ನಿನಲ್ಲೇ ಇರುತ್ತದೆ, ಲೈಸೆನ್ಸಿನ ವಿಷಯ ಮೇಲಿನವರು ತೀರ್ಮಾನ ಮಾಡುತ್ತಾರೆ ಅಂದರು ಪಿಎಸ್ಐ. ಚೌಡೇಶನಿಗೆ, ನಿಂದೇನೂ ಇಲ್ಲಪ್ಪ, ನಡಿ ಅಂದರು.

ಶ್ರೀಲತಾ ಇದ್ದಿದ್ದರೆ ಅಲ್ಲೇ ಅವನ ರಟ್ಟೆ ಹಿಡಿದು ಆಚೆ ಎಳೆದೊಯ್ಯುತ್ತಿದ್ದಳು. ಅವಳಿರಲಿಲ್ಲ. ಪಿಎಸ್ಐ ಸುಮ್ಮನೆ ಕೈಗೆ ಸಿಕ್ಕಿತು ಅಂತ ಖಾಲಿ ರಿವಾಲ್ವರನ್ನು ಹೋಲ್‌ಸ್ಟರಿಗೆ ಇಟ್ಟು ತೆಗೆದು, ಪರವಾಗಿಲ್ಲ ಕಣೋ, ಫಿಟ್ಟಿಂಗ್ ಚೆನ್ನಾಗಿದೆ, ನನಗೂ ಒಂದು ಮಾಡಿಕೊಡು ಅಂದುಬಿಟ್ಟರು. ಚೌಡೇಶನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೊಲೀಸ್ ಇಲಾಖೆಯೇ ಗಿರಾಕಿ. ಒಂದೇ ಉಸಿರಿಗೆ ಪೈಪು, ಒಲೆ, ಚಪಾತಿ ಮಣೆ ಎಲ್ಲ ಹೇಳಿ ಮುಗಿಸಿ, ಸಾರ್ ಒಂದು ಸಲ ನಾನೇ ತೋರಿಸುತ್ತೇನೆ ಅಂತ ರಿವಾಲ್ವರ್ ಇಸಕೊಂಡ. ಸದಾಶಿವಪ್ಪನವರು ಮಾಡಿದ ಹಾಗೇ ಕುದುರೆ ಎತ್ತಿದ. ಕೊಂಬಿಲ್ಲ, ದಾರವಿಲ್ಲ, ಏನೂ ಆಗುವುದಿಲ್ಲ, ನೋಡಿ ಅನ್ನುವ ಹಾಗೆ ಒಳಗೆ ತಳ್ಳಿದ.

ಟಿಕ್ ಅಂತು.

ಆ ಹೊತ್ತಿಗೆ ವೀರಮ್ಮನವರು ಗಂಡನಿಗೆ ಮಾತ್ರೆ ನುಂಗಿಸುತ್ತಿದ್ದರು, ಪಿಎಸ್ಐ ಫೋನು ಎತ್ತಿದ್ದರು. ಯಾರಿಗೂ ಕೇಳಿಸಲಿಲ್ಲ. ಚೌಡೇಶ್ ಮೆಲ್ಲಗೆ ಹೊರತೆಗೆದು ಬಾಯಿಯ ಹತ್ತಿರ ಬೆರಳಾಡಿಸಿದ. ಟ್ರಿಗರ್ ಕಾಣಲಿ ಅಂತ ತಾನು ಕತ್ತರಿಸಿದ ಕಡೆ ಪೈಪಿನ ಮೂಲೆಯೊಂದು ಒಳಕ್ಕೆ ಮಡಚಿಕೊಂಡು, ನಾಲಿಗೆಯ ಹಾಗೆ ನಿಂತಿತ್ತು. ಇನ್ನೊಮ್ಮೆ ಕುದುರೆ ಎತ್ತಿ ಇಟ್ಟ. ನಾಲಿಗೆ ನೆಟ್ಟಗೆ ಬಳೆಯೊಳಗೆ ಹೋಗಿ ಟ್ರಿಗರ್ ತಳ್ಳಿತು. ಟಿಕ್.

ಹೋಲ್‌ಸ್ಟರ್ ಕೆಳಗಿಟ್ಟು ನಮಸ್ಕಾರ ಹೇಳಿ ಹೊರಟರೆ ಆಯಿತು. ಕೇಸಿಲ್ಲ, ಹೊಸ ಗಿರಾಕಿ ಬೇರೆ. ಅವನಿಗೆ ಹಾಗೇ ಅನ್ನಿಸಿತು, ಬಾಗಿಲ ಕಡೆ ಅರ್ಧ ತಿರುಗಿಯೂ ಇದ್ದ. ಆದರೆ ಅದೇ ರಟ್ಟಿನ ಅಳತೆಯ ಇನ್ನೊಂದು ನಾಲಿಗೆ ಚಂದ್ರಗುತ್ತಿಯಲ್ಲಿ ಓಡಾಡುತ್ತಿತ್ತು. ಅದರ ಮೇಲೂ ಅವನ ಹೆಸರಿತ್ತು.

"ಸಾರ್," ಅಂದ. "ಇದು ಕೊಂಬಿಲ್ದೇನೂ ಹಾರ್ತೈತಿ."

ಪಿಎಸ್ಐ ಫೋನು ಇಟ್ಟರು. ತಾವೇ ಮಾಡಿ ನೋಡಿದರು. ಈ ಸಲ ಟಿಕ್ ಎಲ್ಲರಿಗೂ ಕೇಳಿಸಿತು. ಸದಾಶಿವಪ್ಪನವರು, ನಾ ಹೇಳಿರಲಿಲ್ವಾ ಅಂತ ಖುಷಿಗೆ ಕುರ್ಚಿಯ ಮೇಲೆ ಕೂತೇಬಿಟ್ಟರು. ಕೂತಷ್ಟೇ ವೇಗದಲ್ಲಿ ಎದ್ದರು. ವೀರಮ್ಮನವರು ಮೇಜಿನ ಮೇಲಿನ ಅರಿಶಿನದ ಕೊಂಬನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡರು.

"ಒಬ್ರು ಕಟ್ಟಿದ್ರಿ, ಒಬ್ರು ಎತ್ತಿದ್ರಿ, ಒಬ್ಬ ಕತ್ತರ್ಸಿದ," ಅಂದರು ಪಿಎಸ್ಐ. "ಒಂದು ಗುಂಡು ಹಾರ್ಸೋಕೆ ಮೂರು ಜನ ಬೇಕಾಯ್ತಾ ನಿಮಗೆ?"

ಇಂಥವು ಇನ್ನೂ ಎಲ್ಲೆಲ್ಲಿವೆ ಅಂತ ಅವರು ಕೇಳಿದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅಂತ ಶ್ರೀಲತಾ ಹೇಳಿದ್ದಳು. ಕೇಳಿದ್ದರು, ಹೇಳಿದ. ಸಂಜೆಯೊಳಗೆ ಅದನ್ನು ತಂದು ಈ ಮೇಜಿನ ಮೇಲೆ ಇಟ್ಟರೆ ನಿನ್ನ ಹೆಸರು ಸಾಕ್ಷಿಯ ಜಾಗದಲ್ಲಿರುತ್ತದೆ, ಇಲ್ಲದಿದ್ದರೆ ಆರೋಪಿಯ ಜಾಗಕ್ಕೆ ಹೋಗುತ್ತದೆ ಅಂದರು ಪಿಎಸ್ಐ. ತಮಗೊಂದು ಮಾಡಿಕೊಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಸೊರಬದಲ್ಲಿ ಶ್ರೀಲತಾ ರಸ್ತೆ ಬದಿಯಲ್ಲೇ ಕಾಯುತ್ತಿದ್ದಳು. ಬೈಕ್ ಹತ್ತುವ ಮೊದಲು ಅವನ ಹೆಲ್ಮೆಟ್ಟಿನ ಮೇಲೆ ಒಂದು ಬಾರಿಸಿದಳು. ಬಾಯಿ ಮುಚ್ಚಿಕೊಂಡಿದ್ದರೆ ಈ ಹೊತ್ತಿಗೆ ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದೆಯಲ್ಲ ಅಂತ ಚಂದ್ರಗುತ್ತಿಯ ಗುಡ್ಡ ಕಾಣುವ ತನಕ ಬೈದಳು. ಗುಡ್ಡ ಕಂಡ ಮೇಲೆ, ನೀನು ಹೇಳದೆ ಇದ್ದಿದ್ದರೆ ನಾನೇ ಶೇಷಪ್ಪನವರಿಗೆ ಫೋನು ಮಾಡುತ್ತಿದ್ದೆ ಅಂತ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದಳು. ಹೊರಡುವ ಮೊದಲೇ ಚೌಡೇಶ್ ಶೇಷಪ್ಪನವರಿಗೆ ಫೋನು ಮಾಡಿ ನೋಡಿದ್ದ. ಹೋಲ್‌ಸ್ಟರ್ ವಾಪಸ್ ಅನ್ನುವ ಮಾತು ಕಿವಿಗೆ ಬೀಳುತ್ತಲೇ ಅವರು ಕಟ್ ಮಾಡಿದ್ದರು.

ಶೇಷಪ್ಪನವರು ಶುಂಠಿ ಬೆಳೆಯುವವರು. ಊರಿನ ಜಮೀನು ಸಾಲದು ಅಂತ ಬೇರೆ ಜಿಲ್ಲೆಗಳಲ್ಲಿ ಗುತ್ತಿಗೆಗೆ ಹಿಡಿದು, ಆಳುಗಳ ಕೂಲಿ ಕಟ್ಟಿಕೊಂಡು ಜೀಪಿನಲ್ಲಿ ತಿರುಗುವವರು. ಅಂಗಳದಲ್ಲಿ ಜೀಪಿನ ಬಾನೆಟ್ಟಿಗೆ ಒರಗಿ, ಬನ್ನಿ ಕೊಡಲು ಬಂದವರಿಗೆಲ್ಲ ಶಿಕಾರಿಪುರದ ಸುದ್ದಿ ಹೇಳುತ್ತ ನಿಂತಿದ್ದರು. ಪಂಚೆಯ ಮೇಲೆ ಅಗಲದ ಬೆಲ್ಟು, ಬೆಲ್ಟಿನ ಮೇಲೆ ಹೊಟ್ಟೆ. ಹೊಟ್ಟೆಯ ನೆರಳಿನಲ್ಲಿ ಎಲ್ಲೋ ಹೋಲ್‌ಸ್ಟರ್.

ಚೌಡೇಶನಿಗೆ ತನ್ನ ಮಾಲನ್ನು ಹೊಗಳಿ ಮಾರಿ ಅಭ್ಯಾಸ. ತೆಗಳುವುದು ಮೊದಲ ಸಲ. ಪೈಪು ಲಡ್ಡು ಹಿಡಿದದ್ದು, ಕತ್ತರಿಸಿದ್ದು ಕೆಟ್ಟದಾಗಿ, ನನಗೆ ಬುದ್ಧಿ ಇಲ್ಲ ಅಂತ ಅವನು ಎಷ್ಟು ಉತ್ಸಾಹದಿಂದ ಹೇಳಿದನೆಂದರೆ, ಕೇಳಿದವರಿಗೆ ಇವನು ಬೇರೆ ಯಾರಿಗೋ ಹೆಚ್ಚಿಗೆ ರೇಟಿಗೆ ಮಾರಲು ವಾಪಸ್ ಕೇಳುತ್ತಿದ್ದಾನೆ ಅಂತಲೇ ಅನ್ನಿಸಿತು. ಶೇಷಪ್ಪನವರಿಗೂ ಹಾಗೇ ಅನ್ನಿಸಿತು.

"ಅವ್ರದ್ದು ಹಾರ್ತು, ನಂದು ಹಾರ್ಲಿಲ್ಲ," ಅಂದರು. "ಬೆಳಿಗ್ಗೆಯಿಂದ ಇದನ್ನ ನೋಡೋಕೆ ಎಷ್ಟು ಜನ ಬಂದ್ರು ಗೊತ್ತನಾ? ನಾ ಕೊಡದಿಲ್ಲ ಮಾರಾಯ."

ಶ್ರೀಲತಾ ಕಾನೂನು ಹೇಳಿದಳು. ದೋಷ ಗೊತ್ತಾದ ಮೇಲೂ ಇಟ್ಟುಕೊಂಡರೆ ಮುಂದೆ ಆಗುವುದಕ್ಕೆಲ್ಲ ನೀವೇ ಜವಾಬ್ದಾರರು ಅಂದಳು. ಜವಾಬ್ದಾರಿಗೆ ಹೆದರುವವನು ಶುಂಠಿ ಹಾಕುತ್ತಾನಾ ಅಂತ ಶೇಷಪ್ಪನವರು ನಕ್ಕರು. ಸೂರ್ಯ ಗುಡ್ಡದ ಕಡೆ ವಾಲುತ್ತಿತ್ತು. ಚೌಡೇಶನಿಗೆ ಆರೋಪಿಯ ಜಾಗ ಕಣ್ಣ ಮುಂದೆ ಬಂತು.

ಆಗ ಶೇಷಪ್ಪನವರ ಹೆಂಡತಿ ವರದಮ್ಮ ಪಾನಕದ ಲೋಟ ತಂದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಲೋಟ ಕೊಡುತ್ತ, ಯಾವ ಗಡಿಬಿಡಿಯೂ ಇಲ್ಲದೆ ಚೌಡೇಶನನ್ನು ಕೇಳಿದರು.

"ಆ ಶಿಕಾರಿಪುರದವ್ರು ಅದನ್ನ ಎಲ್ಲಿ ಕಟ್ಕೊತಿದ್ರು ತಮ್ಮಾ?"

"ಹಿಂದೆ, ಸೊಂಟದ ಹತ್ರ ಅಮ್ಮಾ. ಅದಕ್ಕೇ ಹಿಂದೆ ತಗುಲ್ತು."

"ಹೌದನಾ," ಅಂದರು ವರದಮ್ಮ. "ಇವ್ರು ಮುಂದೆ ಕಟ್ಕೊತಾರೆ."

ಶ್ರೀಲತಾ ಪಾನಕವನ್ನು ಬಹಳ ಗಮನವಿಟ್ಟು ಕುಡಿಯತೊಡಗಿದಳು. ಶೇಷಪ್ಪನವರು ಗದ್ದ ತಗ್ಗಿಸಿ ಕೆಳಗೆ ನೋಡಿದರು. ಹೊಟ್ಟೆ ಅಡ್ಡ ಬಂತು. ಹೊಟ್ಟೆ ಎಳೆದುಕೊಂಡು ಮತ್ತೆ ನೋಡಿದರು. ಹಿಡಿ ಕಂಡಿತು, ಕತ್ತರಿಸಿದ ಬಾಯಿ ಕಂಡಿತು, ಅಲ್ಲಿಂದ ಕೆಳಗೆ ರಿವಾಲ್ವರಿನ ಮೂತಿ ಯಾವ ಕಡೆ ತಿರುಗಿದೆ ಅಂತ ನೋಡುವ ಧೈರ್ಯ ಅವರಿಗೆ ಬರಲಿಲ್ಲ.

"ಚೌಡೇಶ," ಅಂದರು ತುಟಿ ಅಲ್ಲಾಡಿಸದೆ. "ಇದನ್ನೀಗ ತೆಗೆಯೋದು ಹೆಂಗೆ?"

ರಿವಾಲ್ವರನ್ನು ಮುಟ್ಟುವ ಹಾಗಿರಲಿಲ್ಲ. ಎಳೆದರೆ ನಾಲಿಗೆ ಯಾವ ಕಡೆ ಸಿಕ್ಕಿಕೊಳ್ಳುತ್ತದೋ ಚೌಡೇಶನಿಗೂ ಗೊತ್ತಿರಲಿಲ್ಲ. ಹೋಲ್‌ಸ್ಟರ್ ಸಮೇತ ಬೆಲ್ಟಿನಿಂದ ಬಿಡಿಸಬೇಕು ಅಂದ. ಬನ್ನಿ ಕೊಡಲು ಬಂದವರು ಒಬ್ಬೊಬ್ಬರಾಗಿ ಜೀಪಿನ ಹಿಂದೆ ಸರಿದರು. ಚೌಡೇಶ್ ರೆಕ್ಸಿನ್ ಕತ್ತರಿಸುವ ಬ್ಲೇಡು ತೆಗೆದು ಶೇಷಪ್ಪನವರ ಮುಂದೆ ಮೊಣಕಾಲೂರಿದ. ಕಣ್ಣಿನ ನೇರಕ್ಕೆ ತನ್ನದೇ ಹೆಸರು. ಶೇಷಪ್ಪನವರು ಆಕಾಶ ನೋಡುತ್ತ, ಕುಲದೇವರಿಂದ ಹಿಡಿದು ನೆನಪಿದ್ದ ದೇವರನ್ನೆಲ್ಲ ಕರೆದರು. ನಡುವೆ ಚೌಡೇಶನ ಅಪ್ಪನನ್ನೂ ಬೈದರು. ಉಸಿರು ಬಿಡಬೇಡಿ ಸಾವ್ಕಾರ್ರೆ, ಹೊಟ್ಟೆ ಅಲ್ಲಾಡ್ತೈತಿ ಅಂತ ಅವನು ಕೇಳಿಕೊಂಡ. ಹೊಲಿಗೆ ಬೇಗ ಬಿಡಲಿಲ್ಲ. ಹೊಲಿದವನು ತಾನೇ ಆದದ್ದಕ್ಕೆ ಅವನಿಗೆ ಆ ಗಳಿಗೆಯಲ್ಲೂ ಒಂಚೂರು ಹೆಮ್ಮೆಯಾಯಿತು. ಹೊಲಿಗೆ ಬಿಟ್ಟು ಬೆಲ್ಟನ್ನೇ ಕೊಯ್ದ.

ಬೆಲ್ಟು ಎರಡಾಯಿತು. ಚೌಡೇಶ್ ಹೋಲ್‌ಸ್ಟರನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೂತಿಯನ್ನು ಗುಡ್ಡದ ಕಡೆ ಮಾಡಿ, ಮೊಣಕಾಲಲ್ಲೇ ಹಿಂದೆ ಸರಿದು ಮಣ್ಣಿನ ರಾಶಿಯ ಮೇಲಿಟ್ಟ. ನಾಲಿಗೆಯಾಗಿ ಮಡಚಿದ ಮೂಲೆಯನ್ನು ಬ್ಲೇಡಿನಿಂದ ಸೀಳಿ ರಿವಾಲ್ವರನ್ನು ಹೊರಗೆ ಬಿಡಿಸಿಟ್ಟ. ಶ್ರೀಲತಾ ಪಿಎಸ್ಐಗೆ ಫೋನು ಮಾಡಿ, ಮಾಲು ಸಿಕ್ಕಿದೆ, ತರುತ್ತಿದ್ದೇವೆ, ಇವರ ಹೆಸರು ಸಾಕ್ಷಿಯ ಜಾಗದಲ್ಲೇ ಇರಲಿ ಅಂತ ವಕೀಲರ ಗಂಟಲಲ್ಲಿ ಹೇಳಿದಳು.

ಬೆಲ್ಟಿನ ಆಸರೆ ಹೋದ ಪಂಚೆ ಶೇಷಪ್ಪನವರ ಕಾಲ ಬುಡದಲ್ಲಿ ಬಿದ್ದಿತ್ತು. ಅವರು ಪಟ್ಟೆ ಚಡ್ಡಿಯಲ್ಲಿ, ಕೈ ಎತ್ತಿಕೊಂಡು, ಇನ್ನೂ ಆಕಾಶವನ್ನೇ ನೋಡುತ್ತ ನಿಂತಿದ್ದರು. ಮುಗೀತು ಸಾವ್ಕಾರ್ರೆ ಅಂದ ಚೌಡೇಶ್. ಅವರು ಪಂಚೆ ಎತ್ತಿಕೊಳ್ಳಲು ಬಗ್ಗಿದವರು, ಅರ್ಧದಲ್ಲೇ ನಿಂತು, ಕೈಯಿಂದ ಒಮ್ಮೆ ಮುಟ್ಟಿ ನೋಡಿಕೊಂಡರು. ಎಲ್ಲ ಇದ್ದಲ್ಲೇ ಇತ್ತು.